ಕೊಸರಿನ ಪೊಟ್ಟಣ

ಬೋರ್ಡಿನ ಮೇಲೆ ಹದಿನೆಂಟು ಎಂದು ಬರೆದು ಇರ್ಮಾ ತಿರುಗಿದಳು. ಎದುರಿಗೆ ಅವನು ನಿಂತಿದ್ದ.

ಕಿಯಬಾಂಬಾದ ವ್ಯಾನ್ ನಿಲ್ದಾಣ ಒಮ್ಮೆಲೇ ಸುಮ್ಮನಾಯಿತು. "ಕುಸ್ಕೋ, ಕುಸ್ಕೋ" ಎಂದು ಕೂಗುತ್ತಿದ್ದವರು ಬಾಯಿ ಮುಚ್ಚಿದರು. ಬಾಳೆಕಾಯಿ ಕರಿಯುತ್ತಿದ್ದ ಹೆಂಗಸು ಬಾಣಲೆಯಿಂದ ಕಣ್ಣೆತ್ತಿದಳು. ಓಲಾರ್ತೆ ಮನೆಯವರು ಯಾರಾದರೂ ಚಾಂಪಿ ಮನೆಯವರ ಟಿಕೆಟ್ ಕಿಟಕಿಯ ಹತ್ತಿರ ಬಂದು ವರ್ಷಗಳಾಗಿದ್ದವು.

ವಿಲ್ಬೆರ್ ಓಲಾರ್ತೆ. ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿರಲಿಲ್ಲ. ಅಂಗಳದ ಆಚೆ ಬದಿಯ ಒಂದು ಕಂದು ಜಾಕೆಟ್, ಅಷ್ಟೇ ಅವನು. ಈಗ ಕಣ್ಣುಗಳು ಕಂಡವು. ಕೆಂಪಾಗಿದ್ದವು. ಕುಡಿದವನ ಕೆಂಪಲ್ಲ... ನಿದ್ದೆಗೆಟ್ಟವನ ಕೆಂಪು.

"ಹದಿನೆಂಟಾ?" ಅವನು ಕೇಳಿದ.

"ಓದೋಕೆ ಬರುತ್ತಲ್ಲ."

"ಬರುತ್ತೆ. ಕೈ ತಪ್ಪಿ ಬರೆದ್ರೇನೋ ಅಂದ್ಕೊಂಡೆ."

"ದರದ ಬಗ್ಗೆ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ, ದೋನ್ ವಿಲ್ಬೆರ್. ಲಿಮಾದವರು ಏನು ಹೇಳಿ ಹೋಗಿದಾರೆ ಅಂತ ನಿಮ್ಮ ಮನೇಲೂ ಗೊತ್ತು."

"ನಾನೆಲ್ಲಿ ದರದ ಮಾತಾಡೋಕೆ ಬಂದೆ?" ಅವನು ದನಿ ಏರಿಸಲಿಲ್ಲ. "ನಿಮ್ಮ ಬಿಳಿ ವ್ಯಾನಿನ ಮುಂದಿನ ಎಡಗಡೆ ಚಕ್ರ ಕಿರುಚುತ್ತೆ. ಬ್ರೇಕು ಕಚ್ಕೊಂಡಿದೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ, ಸೆನ್ಯೊರಿತಾ."

ಹೇಳಿದ, ಹೋದ. ತನ್ನ ಕಿಟಕಿಯ ಪಕ್ಕದ ಬೋರ್ಡಿನಿಂದ ಇಪ್ಪತ್ತನ್ನು ಅಂಗೈಯಲ್ಲಿ ಒರೆಸಿ, ಹದಿನೆಂಟು ಎಂದು ಬರೆದ. ಕೋಪದಲ್ಲಿ ಬರೆದ ಅಕ್ಷರವಲ್ಲ. ದುಂಡಗೆ, ನಿಧಾನವಾಗಿ.

ಇರ್ಮಾಳ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಅವಳು ಭಯ ಎಂದು ಹೆಸರಿಟ್ಟಳು. ಆಗ ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ.

* * *

ಕಿಯಬಾಂಬಾದಿಂದ ಕುಸ್ಕೋಗೆ ವ್ಯಾನು ಓಡಿಸುವ ಕಂಪನಿಗಳು ಎರಡೇ. ಅಂಗಳದ ಈ ಬದಿಗೆ ಚಾಂಪಿ, ಆ ಬದಿಗೆ ಓಲಾರ್ತೆ. ಎರಡಕ್ಕೂ ದಾರಿ ಒಂದೇ: ಕಾಫಿ ಬೆಳೆಯುವ ಈ ಬಿಸಿ ಕಣಿವೆಯಿಂದ ಮಾಲಗಾ ಘಟ್ಟಕ್ಕೆ ಹತ್ತಬೇಕು, ಹುಲ್ಲೂ ಬೆಳೆಯದ ಎತ್ತರದಲ್ಲಿ ಮಂಜಿನೊಳಗೆ ನುಗ್ಗಬೇಕು, ಆಮೇಲೆ ಆಚೆ ಬದಿಗೆ ಇಳಿಯಬೇಕು. ಪ್ರತಿ ತಿರುವಿನಲ್ಲೂ ಶಿಲುಬೆಗಳು. ಕೆಲವು ತಿರುವಿನಲ್ಲಿ ಒಂದಲ್ಲ, ಒಂದು ಸಾಲು.

ಒಂದು ಕಾಲದಲ್ಲಿ ಇಬ್ಬರ ಅಪ್ಪಂದಿರೂ ಒಟ್ಟಿಗೆ ಬಿಯರ್ ಕುಡಿಯುತ್ತಾ ದರ ಗೊತ್ತು ಮಾಡುತ್ತಿದ್ದರು. ಸೀಟಿಗೆ ನಲವತ್ತು ಸೋಲ್. ಬೇರೆ ಗತಿಯಿಲ್ಲದ ಜನ ಕೊಡುತ್ತಿದ್ದರು. ರಾಜಧಾನಿ ಲಿಮಾದ ಸರ್ಕಾರಿ ಕಚೇರಿಯವರು ಬಂದು, ಹೀಗೆ ಸೇರಿ ದರ ಗೊತ್ತು ಮಾಡುವುದು ಅಪರಾಧ ಎಂದು ಎರಡು ಕಂಪನಿಗೂ ದಂಡ ಹಾಕಿದರು. ಇನ್ನೊಮ್ಮೆ ದರದ ಬಗ್ಗೆ ನಿಮ್ಮ ನಡುವೆ ಮಾತು ನಡೆದರೆ ಬಾಗಿಲು ಮುಚ್ಚಿಸುತ್ತೇವೆ ಎಂದರು. ಬಾಯಿಬಿಟ್ಟವರು ಅವರೇ ಇರಬೇಕು ಎಂದು ಎರಡು ಮನೆಯವರೂ ಅಂದುಕೊಂಡರು. ಅಲ್ಲಿಂದ ಮಾತು ನಿಂತಿತು. ದರದ ಮಾತಷ್ಟೇ ಅಲ್ಲ, ಎಲ್ಲ ಮಾತೂ.

ಉಳಿದದ್ದು ಬೋರ್ಡುಗಳು. ಇವರು ಮೂವತ್ತೈದು ಬರೆದರು, ಅವರೂ ಮೂವತ್ತೈದು ಬರೆದರು. ಹಾಗೇ ನೆಮ್ಮದಿಯಾಗಿ ದಿನ ಹೋಗುತ್ತಿತ್ತು.

ಆಮೇಲೆ ಒಂದು ದಿನ ಇರ್ಮಾಳ ಅಪ್ಪ ದೋನ್ ಎಲುತೇರಿಯೊ ಘಟ್ಟದ ತುದಿಯಲ್ಲಿ ವ್ಯಾನು ನಿಲ್ಲಿಸಿದವರು ಮತ್ತೆ ಹೊರಡಿಸಲಾಗದೆ ಕೂತುಬಿಟ್ಟರು. ಮೂವತ್ತು ವರ್ಷ ಓಡಿಸಿದ ಕೈಗಳು ಸ್ಟೇರಿಂಗ್ ಹಿಡಿಯಲು ಒಲ್ಲೆ ಎಂದವು. ಏನೂ ಆಗಿರಲಿಲ್ಲ. ಸುಮ್ಮನೆ ಭಯವಾಗಿತ್ತು, ಅಷ್ಟೇ. ಈಗಲೂ ಚಹಾ ಕಲಕುವಾಗ ಅವರ ಚಮಚ ಲೋಟಕ್ಕೆ ತಾಗಿ ಕಿಣಿಕಿಣಿ ಅನ್ನುತ್ತದೆ. ಕುಸ್ಕೋದಲ್ಲಿ ಅರ್ಥಶಾಸ್ತ್ರ ಓದಿದ ಮಗಳು ಊರಿಗೆ ಬಂದು ಕಿಟಕಿಯಲ್ಲಿ ಕೂತಳು.

ವಿಶ್ವವಿದ್ಯಾಲಯದಲ್ಲಿ ಆಟದ ಸಿದ್ಧಾಂತ ಎಂಬ ಪಾಠವಿತ್ತು. ಮೇಷ್ಟರು ಹಲಗೆಯ ಮೇಲೆ ನಾಲ್ಕು ಚೌಕ ಬರೆಯುತ್ತಿದ್ದರು. ಎರಡು ಅಂಗಡಿ. ಇಬ್ಬರೂ ದರ ಕಾಯ್ದುಕೊಂಡರೆ ಇಬ್ಬರಿಗೂ ಲಾಭ. ಒಬ್ಬ ಇಳಿಸಿ ಇನ್ನೊಬ್ಬ ಇಳಿಸದಿದ್ದರೆ, ಇಳಿಸದವನು ಸತ್ತ. ಅದಕ್ಕೇ ಇಬ್ಬರೂ ಇಳಿಸುತ್ತಾರೆ, ಇಬ್ಬರೂ ಕೆಡುತ್ತಾರೆ. ಇರ್ಮಾ ಆ ಪಾಠದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು.

ಕಿಟಕಿಯಲ್ಲಿ ಕೂತ ಮೊದಲ ತಿಂಗಳಲ್ಲೇ ಅವಳು ಒಂದು ಸಂಗತಿ ಗಮನಿಸಿದಳು. ಆಚೆ ಬದಿಯ ಕಿಟಕಿಯಲ್ಲಿ ವಿಲ್ಬೆರನ ಚಿಕ್ಕಮ್ಮ ದೋನ್ಯಾ ಫೊರ್ತುನಾತಾ ಟಿಕೆಟ್ ಕೊಟ್ಟ ಮೇಲೆ ಇನ್ನೊಮ್ಮೆ ಕೈ ಹೊರಗೆ ಚಾಚುತ್ತಿದ್ದಳು. ಕಾಗದದಲ್ಲಿ ಮಡಚಿದ ಏನೋ ಸಣ್ಣದು. ಪ್ರಯಾಣಿಕರು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು.

"ಅಲ್ಲಿ ಏನು ಕೊಡ್ತಾರೆ?" ಒಬ್ಬಳನ್ನು ಕೇಳಿದಳು.

"ಕೊಸರು, ಅಮ್ಮಾ. ನೀವೂ ಸ್ವಲ್ಪ ಕೊಸರು ಹಾಕಿ ಕೊಡಿ, ನಿಮ್ಮ ಹತ್ರನೇ ಬರ್ತೀವಿ."

ಕೊಸರು. ಸಂತೆಯಲ್ಲಿ ಜೋಳ ಕೊಂಡರೆ ಮೇಲೊಂದು ಹಿಡಿ ಜೋಳ. ರೊಟ್ಟಿ ಕೊಂಡರೆ ಮೇಲೊಂದು ರೊಟ್ಟಿ. ಟಿಕೆಟ್ ಕೊಂಡರೆ?

ಹಣವೇ ಇರಬೇಕು, ಅಂದುಕೊಂಡಳು. ಬೋರ್ಡಿನಲ್ಲಿ ಮೂವತ್ತೈದು ಬರೆದು ಕಾಗದದಲ್ಲಿ ಮಡಚಿ ವಾಪಸ್ ಕೊಡುತ್ತಿದ್ದಾರೆ. ಗುಟ್ಟಾಗಿ ಇಳಿಸಿದ್ದಾರೆ.

ಇನ್ನೊಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ಹೆದರಿದವರು ಕೇಳುವುದಿಲ್ಲ. ಲೆಕ್ಕ ಹಾಕುತ್ತಾರೆ.

ಅವಳು ಮೂವತ್ತೆರಡು ಬರೆದಳು. ಮಧ್ಯಾಹ್ನಕ್ಕೆ ಆಚೆ ಬದಿಯೂ ಮೂವತ್ತೆರಡಾಯಿತು. ಆದರೆ ದೋನ್ಯಾ ಫೊರ್ತುನಾತಾಳ ಕೈ ಎರಡನೇ ಸಲ ಚಾಚುವುದು ನಿಲ್ಲಲಿಲ್ಲ. ಹಾಗಾದರೆ ಇನ್ನೂ ಕೆಳಗಿದ್ದಾರೆ... ಇರ್ಮಾ ಇಪ್ಪತ್ತೆಂಟು ಬರೆದಳು. ಅವರೂ ಬರೆದರು. ಕೈ ಚಾಚುತ್ತಲೇ ಇತ್ತು. ಇಪ್ಪತ್ತೈದು. ಇಪ್ಪತ್ತೆರಡು. ಇಪ್ಪತ್ತು.

ಒಂದೊಂದು ಸಲ ಇಳಿಸುವಾಗಲೂ ವ್ಯಾನಿನಿಂದ ಏನೋ ಒಂದು ಕಡಿಮೆಯಾಗುತ್ತಿತ್ತು. ಮೊದಲು ಹೊಸ ಟೈರು. ಆಮೇಲೆ ಎರಡನೇ ಚಾಲಕ. ಮೊದಲೆಲ್ಲ ಚಾಲಕರು ಕುಸ್ಕೋ ಮುಟ್ಟಿ, ರಾತ್ರಿ ಅಲ್ಲೇ ಮಲಗಿ, ಮರುದಿನ ಹಿಂದಿರುಗುತ್ತಿದ್ದರು. ಈಗ ಹೋದ ದಿನವೇ ವಾಪಸ್.

ಮೇಷ್ಟರ ನಾಲ್ಕು ಚೌಕಗಳಲ್ಲಿ ನಿದ್ದೆಗೆ ಜಾಗವಿರಲಿಲ್ಲ.

* * *

ಹದಿನೆಂಟು ಬರೆದ ವಾರದಲ್ಲೇ ಇರ್ಮಾ ಕುಸ್ಕೋಗೆ ಹೊರಟಳು. ಒಂದು ವ್ಯಾನು ಮಾರಬೇಕಿತ್ತು, ಕೊಳ್ಳುವವನು ಅಲ್ಲಿದ್ದ. ಓಡಿಸುತ್ತಿದ್ದವನು ಸೆನೋನ್, ಅಪ್ಪನ ಕಾಲದ ಚಾಲಕ. ಬಿಳಿ ವ್ಯಾನು. ಬ್ರೇಕು ಮುಂದಿನ ವಾರ ನೋಡಿಸೋಣ ಎಂದು ಅವಳೇ ಹೇಳಿದ್ದಳು.

ಘಟ್ಟದ ತುದಿ ಇನ್ನೇನು ಬಂತು ಅನ್ನುವಾಗ ಮುಂದಿನ ಎಡ ಚಕ್ರದಿಂದ ಹೊಗೆ ಎದ್ದಿತು.

"ಇದು ಇನ್ನು ಹೋಗಲ್ಲ, ಮಗಳೇ," ಸೆನೋನ್ ಕೆಳಗಿಳಿದು ನೋಡಿ ಹೇಳಿದ. "ಹೋದ್ರೂ ನಿಲ್ಲಲ್ಲ."

ಹೊರಗೆ ಮಂಜು. ಕೈ ಚಾಚಿದರೆ ಕೈ ಕಾಣದು. ಪ್ರಯಾಣಿಕರು ಗೊಣಗುತ್ತಾ ಕಂಬಳಿ ಹೊದ್ದರು. ಆಗ ಹಿಂದಿನಿಂದ ಒಂದು ಹಾರ್ನ್ ಕೇಳಿತು. ಮಂಜಿನೊಳಗಿಂದ ಓಲಾರ್ತೆ ವ್ಯಾನು ಬಂದು ನಿಂತಿತು. ಅರ್ಧ ಖಾಲಿ.

ವಿಲ್ಬೆರ್ ಚಕ್ರ ನೋಡಿದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ.

"ಎಲ್ಲರೂ ಹತ್ತಿ. ಸೆನ್ಯೊರಿತಾ, ನೀವು ಮುಂದೆ ಕೂತ್ಕೊಳ್ಳಿ."

"ಟಿಕೆಟ್..."

"ಕಿಟಕಿ ಊರಲ್ಲಿದೆ. ಇಲ್ಲಿ ಎಲ್ಲಿಂದ ಟಿಕೆಟ್ ತರ್ಲಿ?"

ಸೆನೋನ್ ಕೆಟ್ಟ ವ್ಯಾನಿನ ಜೊತೆಗೇ ಉಳಿದ. ಇಳಿಜಾರು ಶುರುವಾಯಿತು. ಇರ್ಮಾಳಿಗೆ ತಲೆ ಸುತ್ತಿತು. ಅವಳ ಮುಖ ಬಿಳಿಚಿದ್ದನ್ನು ಕಂಡು ಅವನು ಮುಂದಿನ ಡಬ್ಬಿಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಅವಳ ಮಡಿಲಿಗೆ ಹಾಕಿದ.

ಅದೇ ಮಡಿಕೆ. ಅಂಗಳದಾಚೆಯಿಂದ ಎಷ್ಟೋ ಸಲ ಕಂಡ ಅದೇ ಸಣ್ಣ ಮಡಿಕೆ.

"ಏನಿದು?"

"ಕೊಸರು. ಚಿಕ್ಕಮ್ಮ ಟಿಕೆಟ್ ಕೊಂಡೋರಿಗೆಲ್ಲ ಕೊಡ್ತಾಳೆ."

ಬಿಚ್ಚಿದಳು. ಒಂದಿಷ್ಟು ಕೋಕಾ ಎಲೆ. ಪುದೀನದಂಥ ವಾಸನೆಯ ಬೆಟ್ಟದ ಸೊಪ್ಪು, ನಾಲ್ಕು ಎಸಳು. ಘಟ್ಟ ಹತ್ತುವಾಗ ಎಲ್ಲರೂ ಬಾಯಲ್ಲಿಟ್ಟುಕೊಳ್ಳುವಂಥದ್ದು.

"ಇಷ್ಟೇನಾ?"

"ಇಷ್ಟೇನಾ ಅಂದ್ರೆ? ಬಂಗಾರ ಕೊಡ್ಬೇಕಿತ್ತಾ? ತಿರುವಲ್ಲಿ ಇವರು ವಾಂತಿ ಮಾಡಿದ್ರೆ ತೊಳೆಯೋನು ನಾನು. ನನ್ನ ಅನುಕೂಲಕ್ಕೆ ಚಿಕ್ಕಮ್ಮ ಕೊಡೋದು."

ಇರ್ಮಾ ಕಾಗದವನ್ನು ಮತ್ತೆ ಅದೇ ಮಡಿಕೆಗೆ ಮಡಚಿದಳು.

ಹಾಗಾದರೆ ಮೂವತ್ತೈದು ಅಂದರೆ ಮೂವತ್ತೈದೇ ಆಗಿತ್ತು. ಮೂವತ್ತೆರಡು ಅಂದರೆ ಮೂವತ್ತೆರಡೇ. ಅವಳು ಒಂದೊಂದು ಮೆಟ್ಟಿಲನ್ನೂ ನೆನಪು ಮಾಡಿಕೊಂಡಳು. ಯಾವ ದಿನ, ಯಾರು ಮೊದಲು... ಅವನು ಒಂದು ಸಲವೂ ಮೊದಲು ಇಳಿದಿರಲಿಲ್ಲ. ಒಂದೇ ಒಂದು ಸಲವೂ. ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಅವಳು ಓಡಿದ್ದಳು. ಓಡುತ್ತಾ ಅವನನ್ನೂ ಎಳೆದುಕೊಂಡು ಹೋಗಿದ್ದಳು.

ಹೇಳಿಬಿಡಬೇಕು ಎಂದು ತಲೆ ಎತ್ತಿದಳು.

ವ್ಯಾನು ಬಲಕ್ಕೆ ವಾಲುತ್ತಿತ್ತು. ಬಲಕ್ಕೆ ರಸ್ತೆಯಿರಲಿಲ್ಲ. ಮಂಜಿತ್ತು. ವಿಲ್ಬೆರನ ಕಣ್ಣು ಮುಚ್ಚಿತ್ತು.

"ದೋನ್ ವಿಲ್ಬೆರ್..."

ಅವನ ತೋಳನ್ನು ಹಿಡಿದು ಜಗ್ಗಿದಳು. ಚಕ್ರ ಜಲ್ಲಿಯ ಮೇಲೆ ಕಿರ್ ಎಂದಿತು. ಅವನು ಸ್ಟೇರಿಂಗ್ ತಿರುಗಿಸಿದ. ಬಲಗಡೆಯ ಕನ್ನಡಿಯಲ್ಲಿ ಒಂದು ಶಿಲುಬೆ ಹತ್ತಿರ ಬಂದು, ದೊಡ್ಡದಾಗಿ, ಹಿಂದೆ ಹೋಯಿತು.

ಹಿಂದಿನ ಸೀಟಿನವರಿಗೆ ಏನೂ ತಿಳಿಯಲಿಲ್ಲ. ಯಾರೋ ಗೊರಕೆ ಹೊಡೆಯುತ್ತಿದ್ದರು.

"ಮಾತಾಡ್ತಾ ಇರಿ," ಅವನು ಮೆಲ್ಲಗೆ ಹೇಳಿದ. ತುಟಿಯ ಮೇಲೆ ಬೆವರಿತ್ತು. "ದಯವಿಟ್ಟು. ನಿಲ್ಲಿಸ್ಬೇಡಿ."

"ಏನು ಮಾತಾಡ್ಲಿ?"

"ಏನಾದ್ರೂ. ದರ ಒಂದು ಬಿಟ್ಟು."

ಅವಳು ಮಾತಾಡಿದಳು. ಅಪ್ಪನ ಚಮಚದ ಸದ್ದಿನ ಬಗ್ಗೆ ಹೇಳಿದಳು. ಆ ಸದ್ದು ಕೇಳಿದಾಗಲೆಲ್ಲ ಏನಾದರೂ ನೆಪ ಹೇಳಿ ಮನೆಯಿಂದ ಹೊರಗೆ ಹೋಗುತ್ತೇನೆ ಎಂದಳು. ಯಾರಿಗೂ ಹೇಳದ ಮಾತು. ಓಲಾರ್ತೆ ಮನೆಯವನಿಗೆ ಹೇಳುತ್ತಿದ್ದಳು.

"ನಿಮ್ಮಪ್ಪ ಅವತ್ತು ಘಟ್ಟದಲ್ಲಿ ನಿಲ್ಲಿಸಿದ್ದು ನಾನೂ ನೋಡಿದೆ," ಅವನು ಹೇಳಿದ. "ನಾನು ಹಿಂದಿನ ವ್ಯಾನಲ್ಲಿದ್ದೆ. ಎಲ್ಲರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯ್ತು."

"ಹೊಟ್ಟೆಕಿಚ್ಚಾ?"

"ಹೆದರ್ಕೊಂಡು ನಿಲ್ಲಿಸೋಕೂ ಧೈರ್ಯ ಬೇಕಲ್ವಾ? ನನಗೆ ಅದಿಲ್ಲ. ಅದಕ್ಕೇ ಓಡಿಸ್ತಾ ಇದೀನಿ."

ಒಯಾಂತಾಯ್ತಾಂಬೋ ಊರು ಬರುವವರೆಗೆ ಅವಳು ಅವನ ತೋಳು ಬಿಟ್ಟಿರಲಿಲ್ಲ. ಬಿಟ್ಟಿಲ್ಲ ಎಂದು ಇಬ್ಬರಿಗೂ ಒಂದೇ ಸಲ ಗೊತ್ತಾಯಿತು. ಬಿಟ್ಟಳು.

ಕುಸ್ಕೋದಲ್ಲಿ ಇಳಿಯುವಾಗ ಕೇಳಿದಳು, "ಇವತ್ತೇ ವಾಪಸ್ ಹೋಗ್ತೀರಾ?"

"ಹೋಗ್ಲೇಬೇಕು."

"ಮಲಗಿ ಹೋಗಿ."

ಅವನು ನಕ್ಕ. ಸುಸ್ತಾದ ನಗು. "ಯಾಕೆ ಮಲಗೋಕಾಗಲ್ಲ ಅಂತ ಹೇಳಿದ್ರೆ ದರದ ಮಾತಾಗುತ್ತೆ, ಸೆನ್ಯೊರಿತಾ."

* * *

ಅವಳು ವ್ಯಾನು ಮಾರಲಿಲ್ಲ. ಅಪ್ಪನ ಹಳೇ ಗೆಳೆಯನೊಬ್ಬನ ಕೈಕಾಲು ಹಿಡಿದು ಬ್ರೇಕು ಸಾಲವಾಗಿ ತಂದಳು. ಊರಿಗೆ ಬಂದು ಒಂದು ಬೆಳಿಗ್ಗೆ ಪೂರ್ತಿ ಕೂತು ಲೆಕ್ಕ ಹಾಕಿದಳು. ಈ ಸಲ ಓಲಾರ್ತೆಯವರ ಲೆಕ್ಕವಲ್ಲ. ತನ್ನದೇ. ಒಳ್ಳೆಯ ಬ್ರೇಕು, ಇಬ್ಬರು ಚಾಲಕರು, ಕುಸ್ಕೋದಲ್ಲಿ ಒಂದು ರಾತ್ರಿಯ ಹಾಸಿಗೆ. ಎಲ್ಲ ಕೂಡಿದರೆ ಎಷ್ಟು?

ಮೂವತ್ತೊಂದು. ಅದನ್ನೇ ಬರೆದಳು.

"ನಲವತ್ತು ಬರಿ," ಅಪ್ಪ ಹೇಳಿದರು. "ಹೇಗೂ ಯಾರೂ ಬರಲ್ಲ. ಮೂವತ್ತೊಂದಕ್ಕೆ ಮುಳುಗೋದಕ್ಕಿಂತ ನಲವತ್ತಕ್ಕೆ ಮುಳುಗೋಣ."

"ನಲವತ್ತು ಅನ್ನೋದು ಜನರ ಕುತ್ತಿಗೆ ಹಿಸುಕಿ ತಗೊಂಡಿದ್ದು, ಅಪ್ಪ. ಇದು ಹಾಗಲ್ಲ."

ಚಮಚ ಕಿಣಿಕಿಣಿ ಅಂದಿತು.

ಕೂಗಿ ಕರೆಯಲು ನಿಂತ ಸೆನೋನನ ಪಾಡು ಹೇಳತೀರದು.

"ಮೂವತ್ತೊಂದಾ? ಸೀಟಿಗೆ ಮಖಮಲ್ಲು ಹಾಕ್ಸಿದೀರಾ?"

"ಇಲ್ಲ ಕಣಮ್ಮ. ಬ್ರೇಕು ಹಾಕ್ಸಿದೀವಿ."

"ಅದರ ಮೇಲೆ ಕೂತು ಮೈ ಬಿಸಿ ಮಾಡ್ಕೊಳ್ಳೋಕಾಗುತ್ತಾ?"

ನಗು. ಎಲ್ಲರೂ ಆಚೆ ಬದಿಗೆ. ಅಲ್ಲಿ ಹದಿನೆಂಟು ಹಾಗೇ ಇತ್ತು. ಸಾಲು ಅಂಗಳದ ಬಾಗಿಲು ದಾಟಿತ್ತು.

ಅವನು ನೋಡುತ್ತಾನೆ, ಅಂದುಕೊಂಡಳು. ಸಂಜೆ ಬಂದು ಬೋರ್ಡು ನೋಡುತ್ತಾನೆ. ಅವನು ಯಾವಾಗಲೂ ನನ್ನ ಜೊತೆಗೇ ಬಂದವನು...

ಮರುದಿನ ಬೆಳಿಗ್ಗೆ ಅವಳು ಕಿಟಕಿ ತೆರೆದು ಮೊದಲು ಆ ಕಡೆ ನೋಡಿದಳು.

ಹದಿನೆಂಟು.

ಎದೆ ಕುಸಿಯಿತು. ಕಂಪನಿ ಹೋಯಿತು ಎಂದಲ್ಲ. ಅದು ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು ಬೇರೆ. ಅವಳು ದರ ಏರಿಸಿದ್ದಕ್ಕೆ ಊರಿನ ಜನರೆಲ್ಲ ಅವನ ವ್ಯಾನಿಗೆ ಹೋಗಿದ್ದರು. ತುಂಬಿದ ವ್ಯಾನು. ಮೇಲೆ ಕಾಫಿ ಮೂಟೆಗಳು. ಎರಡನೇ ಚಾಲಕನಿಲ್ಲ. ಇಳಿಸಿದಾಗ ಅವನ ನಿದ್ದೆ ಕಿತ್ತುಕೊಂಡಳು. ಏರಿಸಿದಾಗ ಅವನ ತಲೆ ಮೇಲೆ ಭಾರ ಹೊರಿಸಿದಳು. ಯಾವ ಕಡೆ ಹೆಜ್ಜೆ ಇಟ್ಟರೂ ಅವನೇ ಕಾಲಡಿ ಸಿಗುತ್ತಿದ್ದ.

ಹತ್ತು ಗಂಟೆಗೆ ಇರ್ಮಾ ಅಂಗಳ ದಾಟಿದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ.

ದೋನ್ಯಾ ಫೊರ್ತುನಾತಾ ಕಿಟಕಿಯೊಳಗಿಂದ ಕನ್ನಡಕ ಸರಿಸಿಕೊಂಡಳು. "ಏನಮ್ಮ, ಓದಿದೋಳೇ? ಮೇಲೆ ಹತ್ತಿ ನಮ್ಮನ್ನೂ ಹತ್ತಿಸಿ, ಆಮೇಲೆ ಏಣಿ ಎಳೆಯೋ ಹೊಸ ಆಟವಾ?"

"ನಾನು ಬೋರ್ಡಿನ ಮಾತಿಗೆ ಬಂದಿಲ್ಲ, ದೋನ್ಯಾ."

"ಮತ್ತೆ?"

"ಅವರು ಮಲಗಿದ್ರಾ?"

ಮುದುಕಿಯ ಕೈ ಟಿಕೆಟ್ ಪುಸ್ತಕದ ಮೇಲೆ ನಿಂತಿತು. ಬಾಯಿಗೆ ಬಂದ ಕುಹಕ ಅಲ್ಲೇ ಉಳಿಯಿತು.

"ಬೂಟು ಬಿಚ್ಚಲಿಲ್ಲ," ಹೇಳಿದಳು. "ಕುರ್ಚಿ ಮೇಲೇ ಕೂತಿದ್ದ. ನಿನ್ನ ಬೋರ್ಡು ನೋಡ್ತಾ ಕೂತಿದ್ದ. ಇದು ಬಲೆ ಕಣೋ ಅಂತ ನಾನೇ ಹೇಳಿದೆ. ಬೆಳಗಿನ ಜಾವ ಎದ್ದು ಹೋದ."

ಆಗಲೇ ಕುಸ್ಕೋದಿಂದ ಚಾಂಪಿ ವ್ಯಾನೊಂದು ಅಂಗಳಕ್ಕೆ ಬಂತು. ಚಾಲಕ ಇಳಿದು ಕೈ ಉಜ್ಜಿಕೊಂಡ. "ಘಟ್ಟದ ಮೇಲೆ ಹಾಲು ಚೆಲ್ಲಿದ ಹಾಗಿದೆ ಮಂಜು. ಏನೂ ಕಾಣಲ್ಲ."

"ಓಲಾರ್ತೆ ವ್ಯಾನು ಎಲ್ಲಿ ಸಿಕ್ತು?" ಇರ್ಮಾ ಕೇಳಿದಳು.

ಅವನು ಯೋಚಿಸಿದ. "ಸಿಗ್ಲಿಲ್ಲ."

"ಎದುರಿಗೆ ಬರ್ಬೇಕಿತ್ತಲ್ಲ."

"ಬರ್ಬೇಕಿತ್ತು. ಬರ್ಲಿಲ್ಲ."

ಅಲ್ಲಿ ಇರುವುದು ಒಂದೇ ರಸ್ತೆ. ಹೊರಟ ವ್ಯಾನು ಎದುರಿಗೆ ಸಿಗದಿದ್ದರೆ ಅದರ ಅರ್ಥ ಅಂಗಳದಲ್ಲಿ ಎಲ್ಲರಿಗೂ ಗೊತ್ತು. ಘಟ್ಟದ ಮೇಲೆ ಫೋನ್ ಹತ್ತುವುದಿಲ್ಲ.

ದೋನ್ಯಾ ಫೊರ್ತುನಾತಾ ಎದ್ದು ನಿಂತಳು. ಹೆಗಲ ಮೇಲಿದ್ದ ಶಾಲು ತೆಗೆದು ಕಿಟಕಿಯಿಂದ ಹೊರಗೆ ಚಾಚಿದಳು. "ಅವನು ಜಾಕೆಟ್ ಮಾತ್ರ ಹಾಕ್ಕೊಂಡು ಹೋಗಿದಾನೆ," ಎಂದಳು.

* * *

ಬಿಳಿ ವ್ಯಾನು ಖಾಲಿ ಇತ್ತು. ಮೂವತ್ತೊಂದು ಸೋಲ್ ಕೊಟ್ಟು ಯಾರೂ ಹತ್ತಿರಲಿಲ್ಲ. ಸೆನೋನ್ ಓಡಿಸಿದ. ಇರ್ಮಾ ಪಕ್ಕದಲ್ಲಿ ಕೂತು ರಸ್ತೆಯ ಅಂಚು ನೋಡುತ್ತಿದ್ದಳು.

ಮಂಜು ಶುರುವಾದ ಮೇಲೆ ಅಂಚು ಮಾತ್ರ ಕಾಣುತ್ತಿತ್ತು. ಶಿಲುಬೆ. ಮತ್ತೊಂದು ಶಿಲುಬೆ. ಒಂದು ಕಡೆ ಅಂಚಿನ ಕಲ್ಲು ಮುರಿದಿತ್ತು.

"ನಿಲ್ಲಿಸು," ಎಂದಳು.

ಸೆನೋನ್ ಇಳಿದು ನೋಡಿದ. ಅವಳಿಗೆ ಇಳಿಯಲಾಗಲಿಲ್ಲ. ಬಾಗಿಲ ಹಿಡಿಯ ಮೇಲಿಟ್ಟ ಕೈ ಅದನ್ನು ತಿರುಗಿಸಲಿಲ್ಲ. ಅಪ್ಪನ ಕೈಗಳಿಗೆ ಆದದ್ದು ಏನೆಂದು ಆಗ ಅವಳಿಗೆ ತಿಳಿಯಿತು. ಹೆದರಿಕೆ ಮನಸ್ಸಿನಲ್ಲಿ ಇರುವುದಲ್ಲ. ಕೈಕಾಲಿನಲ್ಲಿ ಇರುವುದು. ಮನಸ್ಸು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತದೆ.

"ಹಳೇದು," ಸೆನೋನ್ ಬಂದು ಹೇಳಿದ. "ಪಾಚಿ ಕಟ್ಟಿದೆ."

ಮತ್ತೆ ಹೊರಟರು.

ದೇವರೇ, ಕಂಪನಿ ತಗೋ. ಬೋರ್ಡು ತಗೋ. ನಾಳೆಯಿಂದ ನಾನು ಕಿಟಕಿಯಲ್ಲೇ ಕೂರುವುದಿಲ್ಲ... ಅವಳು ಬೇಡಿಕೊಳ್ಳುತ್ತಿದ್ದಳು. ಯಾರ ಹತ್ತಿರ, ಯಾವ ದರಕ್ಕೆ ಎಂದು ಗೊತ್ತಿಲ್ಲದೆ ಬೇಡಿಕೊಳ್ಳುತ್ತಿದ್ದಳು.

ಘಟ್ಟದ ತುದಿಯಲ್ಲಿ ಒಂದು ಸಣ್ಣ ಪ್ರಾರ್ಥನಾ ಗುಡಿಯಿದೆ. ಅದರ ಹಿಂದಿನ ಬಯಲಿನಲ್ಲಿ ಹಳದಿ ದೀಪವೊಂದು ಮಿಣುಕಿ ಆರುತ್ತಿತ್ತು. ಮಿಣುಕಿ ಆರುತ್ತಿತ್ತು. ರಸ್ತೆಯಿಂದ ದೂರ. ಹುಡುಕದೆ ದಾಟಿ ಹೋದ ಚಾಲಕನಿಗೆ ಕಾಣದಷ್ಟು ದೂರ.

ಹತ್ತಿರ ಹೋದಂತೆ ಜಗಳ ಕೇಳಿಸಿತು.

"ಡ್ರೈವರಿಗೆ ಭಯವಂತೆ. ಹೋಗಿ ಲಂಗ ಉಟ್ಕೊಂಡು ಬಾ."

"ಲಂಗ ಉಟ್ಟೋರು ನಾವು ಹೆದರದೆ ಕೂತಿದೀವಿ, ನಿಂಗೇನೋ ಲಂಗದ ಮೇಲೆ ಕಣ್ಣು?"

"ನನಗೆ ಕುಸ್ಕೋದಲ್ಲಿ ಕೆಲಸ ಇದೆ. ಹದಿನೆಂಟು ಸೋಲ್ ಬಿಟ್ಟಿ ಬಂದಿಲ್ಲ."

ಅವನು ವ್ಯಾನಿಗೆ ಬೆನ್ನು ಕೊಟ್ಟು ನಿಂತಿದ್ದ. ಕಂದು ಜಾಕೆಟ್. ಕೂದಲ ಮೇಲೆ ಮಂಜಿನ ಹನಿ. ಬೀಗದ ಕೈ ಮುಷ್ಟಿಯೊಳಗಿತ್ತು. ಬೈಗುಳ ಬಿದ್ದಂತೆಲ್ಲ ಅವನು ತಲೆಯಾಡಿಸುತ್ತಿದ್ದ, ಕೈ ಮಾತ್ರ ತೆರೆಯಲಿಲ್ಲ.

ಇರ್ಮಾ ಇಳಿದು ನಡೆದಳು. ಅವನ ಎದುರಿಗೆ ನಿಂತು ಶಾಲನ್ನು ಮುಂದೆ ಹಿಡಿದಳು.

"ನಿಲ್ಲಿಸ್ಬಿಟ್ಟೆ," ಅವನು ಹೇಳಿದ, ತಪ್ಪು ಒಪ್ಪಿಕೊಳ್ಳುವವನಂತೆ. "ಇಲ್ಲಿವರೆಗೆ ಹತ್ತಿದೆ. ಇಳಿಯೋಕೆ ಧೈರ್ಯ ಬರ್ಲಿಲ್ಲ. ಬ್ರೇಕು ಮೆತ್ತಗಾಗಿದೆ. ಕಣ್ಣೂ ನಿಲ್ತಿಲ್ಲ."

ಸೆನೋನ್ ಆಗಲೇ ಬಿಳಿ ವ್ಯಾನಿನ ಬಾಗಿಲು ತೆರೆದು ಕೂಗುತ್ತಿದ್ದ. "ಬನ್ನಿ, ಬನ್ನಿ, ಕುಸ್ಕೋ. ಹೊಸ ಬ್ರೇಕು, ರಾತ್ರಿ ನಿದ್ದೆ ಮಾಡಿದ ಡ್ರೈವರು."

"ಇದಕ್ಕೆ ಮೇಲೆ ಹದಿಮೂರು ಕೊಡ್ಬೇಕಾ?" ಲಂಗದ ಹೆಂಗಸು ಕೇಳಿದಳು.

"ಇವತ್ತು ಬೇಡ. ಕೂತ್ಕೊಳ್ಳಮ್ಮ."

ಗದ್ದಲ ಖಾಲಿಯಾಯಿತು. ಬಿಳಿ ವ್ಯಾನು ಮೆಲ್ಲಗೆ, ಬಹಳ ಮೆಲ್ಲಗೆ, ಆಚೆ ಬದಿಗೆ ಇಳಿದು ಮಂಜಿನೊಳಗೆ ಹೋಯಿತು. ಒಯಾಂತಾಯ್ತಾಂಬೋದಿಂದ ಮೆಕ್ಯಾನಿಕ್ಕನನ್ನು ಕಳಿಸುತ್ತೇನೆ ಎಂದು ಸೆನೋನ್ ಹೇಳಿಹೋಗಿದ್ದ.

ಇಬ್ಬರೇ ಉಳಿದರು. ಓಲಾರ್ತೆ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ಶಾಲು ಒಂದೇ ಇತ್ತು.

"ಸತ್ತುಹೋದ್ರಿ ಅಂದ್ಕೊಂಡೆ," ಇರ್ಮಾ ಹೇಳಿದಳು. ಕಣ್ಣೀರು ಬರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು.

"ನಾನೂ ಹಾಗೇ ಅಂದ್ಕೊಂಡಿದ್ದೆ. ದಿನಾ ಅಂದ್ಕೋತೀನಿ. ಆದ್ರೂ ಇಳೀತಿದ್ದೆ." ಅವನು ಗಾಜಿನಾಚೆ ನೋಡಿದ. "ಇವತ್ತು ಆಗ್ಲಿಲ್ಲ. ಯಾರೋ ಕಾಯ್ತಿರಬಹುದು ಅಂತ ಅನ್ನಿಸ್ತು. ಆ ಯೋಚನೆ ಬಂದ ಮೇಲೆ ಕೈ ಓಡಲ್ಲ."

ಅವಳು ಅವನ ಕಡೆ ತಿರುಗಿ ಕೂತಳು.

"ಒಂದು ಮಾತು ಹೇಳ್ಬೇಕು. ಮುಗಿದುಹೋದ ಮಾತು. ಮುಂದಿನದಲ್ಲ. ಅದಕ್ಕೆ ಲಿಮಾದವರು ಏನೂ ಅನ್ನೋ ಹಾಗಿಲ್ಲ."

"ಹೇಳಿ."

"ನಿಮ್ಮ ಚಿಕ್ಕಮ್ಮ ಕೊಡೋ ಪೊಟ್ಟಣದಲ್ಲಿ ದುಡ್ಡಿದೆ ಅಂದ್ಕೊಂಡೆ. ನೀವು ಗುಟ್ಟಾಗಿ ಇಳಿಸ್ತಿದೀರಿ ಅಂದ್ಕೊಂಡೆ. ಅದಕ್ಕೇ ನಾನು ಇಳಿಸ್ತಾ ಹೋದೆ. ಎಲ್ಲ ನನ್ನಿಂದಲೇ ಆಗಿದ್ದು. ಹೆದರಿ ಮಾಡಿದ್ದು."

ಅವನು ಅವಳನ್ನೇ ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು. ಅವನ ಭುಜ ಅಲುಗಿತು. ನಗುತ್ತಿದ್ದ. ನಗುತ್ತಲೇ ಕಣ್ಣೊರೆಸಿಕೊಂಡ.

"ಚಿಕ್ಕಮ್ಮ... ದುಡ್ಡು ವಾಪಸ್ ಕೊಡೋದಾ? ನಮ್ಮ ಚಿಕ್ಕಮ್ಮನಾ? ಅವಳು ಚರ್ಚಿನ ಕಾಣಿಕೆ ತಟ್ಟೆಗೆ ನೋಟು ಹಾಕಿ ಚಿಲ್ಲರೆ ವಾಪಸ್ ತಗೊಳ್ಳೋಳು."

ಅವಳಿಗೂ ನಗು ಬಂತು. ಬಂದು ಅಲ್ಲೇ ಮುರಿಯಿತು.

"ನಾನು ಸುಮ್ಮಸುಮ್ಮನೆ ಇಳಿಸ್ತಿದೀನಿ ಅಂತ ನಿಮಗೆ ಗೊತ್ತಿತ್ತು. ಮತ್ತೆ ಯಾಕೆ ಜೊತೆಗೆ ಇಳಿದ್ರಿ?"

"ಜನ ಹೋಗ್ತಾರಲ್ಲ, ಅದಕ್ಕೆ." ಆಮೇಲೆ ಬೇರೆ ದನಿಯಲ್ಲಿ ಹೇಳಿದ. "ಅದೊಂದೇ ಅಲ್ಲ. ದಿನಾ ಬೆಳಿಗ್ಗೆ ನಿನ್ನ ಮುಖ ನೋಡ್ತಿದ್ದೆ, ಬೋರ್ಡು ಒರೆಸುವಾಗ. ಕೆಟ್ಟದ್ದು ಮಾಡೋರ ಮುಖ ಅಲ್ಲ ಅದು. ಹೆದರಿದೋರ ಮುಖ. ನೀನು ಒಬ್ಬಳೇ ಇಳೀತಿದೀಯ ಅನ್ನಿಸ್ತು. ಜೊತೆಗೆ ಬಂದೆ."

ನೀನು ಎಂದಿದ್ದ. ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

"ಹತ್ತುವಾಗ ಯಾಕೆ ಬರ್ಲಿಲ್ಲ, ಹಾಗಾದ್ರೆ? ಮೂವತ್ತೊಂದು ಬರೆದು ಎರಡು ದಿನ ನಿನ್ನ ಬೋರ್ಡು ನೋಡ್ತಾ ಕೂತಿದ್ದೆ."

"ಹೆದರಿದೆ." ಅವನು ಮುಚ್ಚಿಡಲಿಲ್ಲ. "ಇಳಿಯೋವಾಗ ಜೊತೆಗೆ ಬರೋದು ಸುಲಭ, ಇರ್ಮಾ. ಹತ್ತೋವಾಗ ಕೈ ಬಿಟ್ರೆ ಅಂತ... ಕುರ್ಚಿ ಮೇಲೆ ಕೂತು ನಾನೂ ಲೆಕ್ಕ ಹಾಕಿದೆ. ಮೂವತ್ತೊಂದು ಖರ್ಚು ಕೂಡಿಸಿ ಬಂದ ಸಂಖ್ಯೆ, ಬಲೆ ಹಾಕೋರ ಸಂಖ್ಯೆ ಅಲ್ಲ ಅಂತ ಹೊಳೀಬೇಕಿತ್ತು. ಹೊಳೀಲಿಲ್ಲ."

ಅವಳು ಶಾಲಿನ ಒಂದು ತುದಿಯನ್ನು ಅವನ ಹೆಗಲಿನ ಮೇಲೆ ಹಾಕಿದಳು. ಅವನ ತಲೆ ತಾನಾಗಿಯೇ ಅವಳ ಭುಜಕ್ಕೆ ಬಂತು. ಭಾರವಾಗಿತ್ತು. ಬೆಚ್ಚಗಿತ್ತು. ಬದುಕಿದ್ದ.

"ಮಲಗು. ಮೆಕ್ಯಾನಿಕ್ ಬರೋಕೆ ಹೊತ್ತಿದೆ."

"ಮಲಗಿದ್ರೆ ನೀನು ಹೋಗ್ಬಿಡ್ತೀಯಾ?"

"ಎಲ್ಲಿಗೆ? ನನ್ನ ವ್ಯಾನು ಹೊರಟುಹೋಯ್ತು."

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. ಆಮೇಲೆ ಬಹಳ ಮೆಲ್ಲಗೆ ಹೇಳಿದ.

"ನಾಳೆ ನಾನು ಬೋರ್ಡಿನ ಮೇಲೆ ಏನು ಬರೀತೀನಿ ಅಂತ ನಿನಗೆ ಹೇಳೋ ಹಾಗಿಲ್ಲ."

"ನಾನು ಕೇಳೋ ಹಾಗೂ ಇಲ್ಲ."

"ಮದುವೆಯಾದ ಮೇಲೂ?"

ಗಾಜಿನ ಮೇಲೆ ಮಂಜು ನೀರಾಗಿ ಇಳಿಯುತ್ತಿತ್ತು.

"ಆಮೇಲೂ ಕೇಳಲ್ಲ," ಎಂದಳು.

"ಭಯ ಆಗಲ್ವಾ?"

"ಆಗುತ್ತೆ," ಇರ್ಮಾ ಹೇಳಿದಳು. "ದಿನಾ ಆಗುತ್ತೆ. ನೀನು ಮಲಗು."